ಅಡುಗೆಮನೆಯ ಹುಳ, ಬೀರುವಿನ ನುಸಿ: ಗುರುತಿಸಿ, ಬುಡದಿಂದ ತೆಗೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿದರೆ ಸಾಕು, ದಾವಣಗೆರೆಯ ಮನೆಮನೆಯಲ್ಲೂ ಜರಡಿ ಹೊರಗೆ ಬರುತ್ತದೆ. ಅಕ್ಕಿಯಲ್ಲಿ ಕರಿ ಹುಳ, ರವೆಯಲ್ಲಿ ಬಲೆ, ಹೆಸರುಕಾಳಿನಲ್ಲಿ ತೂತು. ಹಸನು ಮಾಡುತ್ತೇವೆ, ಬಿಸಿಲಿಗೆ ಹಾಕುತ್ತೇವೆ, ಮತ್ತೆ ಅದೇ ಡಬ್ಬಿಗೆ ತುಂಬುತ್ತೇವೆ. ತಿಂಗಳು ಕಳೆಯುವಷ್ಟರಲ್ಲಿ ಹುಳ ಮತ್ತೆ ಹಾಜರ್.

ನಮ್ಮ ಕಣ್ಣಿಗೆ ಬೀಳುವುದು ಬೆಳೆದು ದೊಡ್ಡದಾದ ಹುಳ ಮಾತ್ರ. ಅದರ ಮೊಟ್ಟೆ, ಮರಿ ಎಲ್ಲ ಇನ್ನೂ ಕಾಳಿನ ಹೊಟ್ಟೆಯಲ್ಲೋ, ಡಬ್ಬಿಯ ಮುಚ್ಚಳದ ಅಂಚಿನಲ್ಲೋ, ಕಪಾಟಿನ ಸಂದಿಯಲ್ಲೋ ಇರುತ್ತವೆ. ಹುಳ ಕಂಡ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಹುಟ್ಟಿದ ಜಾಗ ಸಿಗುವವರೆಗೆ ಎಷ್ಟು ಹಸನು ಮಾಡಿದರೂ ದಂಡ. ಬಟ್ಟೆಯ ನುಸಿಗೂ ಇದೇ ಮಾತು.

ನಮ್ಮ ಕಡೆ ಈ ಕಾಟ ಸ್ವಲ್ಪ ಜಾಸ್ತಿಯೇ. ಪೇಟೆಯಲ್ಲಿದ್ದರೂ ಊರಿನಿಂದ ಚೀಲ ಬರುವುದು ನಿಂತಿಲ್ಲ. ಭದ್ರಾ ನಾಲೆ ಬಯಲಿನ ಅಕ್ಕಿ, ಜಗಳೂರು ಕಡೆಯ ಜೋಳ, ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ನೆಂಟರು ಕಳಿಸಿದ ರಾಗಿ, ಸಜ್ಜೆ ಎಲ್ಲ ಒಂದೇ ಕೋಣೆಯಲ್ಲಿ ಕೂತಿರುತ್ತವೆ. ಈ ಹುಳಗಳಿಗೆ 25ರಿಂದ 35 ಡಿಗ್ರಿ ಶಾಖ ಅಂದರೆ ಹಬ್ಬ. ಅದರ ಜೊತೆ ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ.

ಹಂತ 1: ಎಲ್ಲವನ್ನೂ ಹೊರಗೆ ತೆಗೆಯಿರಿ

ಹುಳ ಕಂಡ ಡಬ್ಬಿ ಒಂದನ್ನೇ ನೋಡಿ ಬಿಡಬೇಡಿ. ಆ ಕಪಾಟಿನಲ್ಲಿರುವ ಎಲ್ಲವನ್ನೂ ಹಾಲ್‌ನಲ್ಲಿ ಹಳೆಯ ಬಿಳಿ ಪಂಚೆ ಹಾಸಿ ಅದರ ಮೇಲಿಡಿ. ಬಿಳಿ ಬಟ್ಟೆಯೇ ಯಾಕೆಂದರೆ, 2–3 ಮಿಲಿಮೀಟರ್ ಹುಳ ಓಡಿದರೂ ಕಾಣುತ್ತದೆ. ಒಂದೊಂದೇ ಡಬ್ಬಿಯಿಂದ ಎರಡು ಹಿಡಿ ತೆಗೆದು ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದದ್ದನ್ನು ಟಾರ್ಚ್ ಹಾಕಿ ನೋಡಿ.

ಜನ ಮರೆಯುವ ಜಾಗಗಳೇ ಹೆಚ್ಚಿನ ಸಲ ಹುಟ್ಟಿದ ಜಾಗ ಆಗಿರುತ್ತವೆ. ಹೋದ ವರ್ಷದ ನಾಗರ ಪಂಚಮಿಗೆ ತಂದು ಉಳಿದ ಶೇಂಗಾ, ಹುರಿಗಡಲೆ. ಮಗುವಿಗೆಂದು ಮಾಡಿಸಿ ಅರ್ಧ ಉಳಿದ ರಾಗಿ ಸರಿ ಹಿಟ್ಟು. ಯಾರೋ ಕೊಟ್ಟ ಒಣದ್ರಾಕ್ಷಿಯ ಪೊಟ್ಟಣ. ಪಾರಿವಾಳಕ್ಕೆ ಹಾಕಲು ಇಟ್ಟ ಸಜ್ಜೆ. ದೇವರ ಮನೆಯಲ್ಲಿ ಮಡಿಲಕ್ಕಿಯ ಗಂಟು. ಕಟ್ಟಿ ಇಟ್ಟ ಮಂಡಕ್ಕಿ ಚೀಲದ ತಳದ ಪುಡಿ. ನಾಯಿ, ಮೀನಿನ ಆಹಾರ ಇದ್ದರೆ ಅದನ್ನೂ ನೋಡಿ. ಮಿಕ್ಸಿಯ ಕೆಳಗೆ, ಒಲೆ ಕಟ್ಟೆಯ ಮೂಲೆಯಲ್ಲಿ ಬಿದ್ದ ಹಿಟ್ಟೂ ಒಂದು ಸಂಸಾರಕ್ಕೆ ಸಾಕಾಗುತ್ತದೆ.

ಹಂತ 2: ಯಾವ ಹುಳ ಅಂತ ಗುರುತಿಸಿ

ಈ ಹಂತಕ್ಕೆ ಸಮಯ ಕೊಡಿ. ಹುಳ ಯಾವುದು ಅಂತ ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೂತಿ ಹುಳ: ಅಕ್ಕಿಯಲ್ಲಿ ಮಾಮೂಲಿಯಾಗಿ ಸಿಗುವುದು ಇದೇ. ಕಂದುಗಪ್ಪು ಬಣ್ಣ, ಸುಮಾರು 3 ಮಿಲಿಮೀಟರ್ ಉದ್ದ, ಮುಂದೆ ಚೂಪಾದ ಸೊಂಡಿಲು. ಗಮನವಿಟ್ಟು ನೋಡಿದರೆ ಬೆನ್ನ ಮೇಲೆ ನಾಲ್ಕು ತಿಳಿ ಚುಕ್ಕೆ ಕಾಣುತ್ತವೆ. ಹೆಣ್ಣು ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆ ಇಟ್ಟು, ತೂತನ್ನು ತಾನೇ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು, ಒಳಗೇ ಕೋಶ ಕಟ್ಟಿ, ಬೆಳೆದ ಮೇಲೆ ಹೊರಗೆ ಬರುತ್ತದೆ. ಬೆಚ್ಚಗಿದ್ದರೆ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಸಾಕು. ಜರಡಿ ಹಿಡಿದ ತಿಂಗಳಿಗೆ ಮತ್ತೆ ಹುಳ ಬರುವ ಗುಟ್ಟು ಇದೇ, ಅಲ್ವಾ? ಇದು ಇಡೀ ಕಾಳಿನಲ್ಲಿ ಹುಟ್ಟುವ ಹುಳ. ಹಾಗಾಗಿ ಅಕ್ಕಿ, ಜೋಳ, ಗೋಧಿ, ಮೆಕ್ಕೆಜೋಳದಲ್ಲಿ ಹುಡುಕಿ. ಮೆಕ್ಕೆಜೋಳದ ಚೀಲ ಮನೆಯಲ್ಲಿದ್ದರೆ ಮೊದಲು ಅದನ್ನೇ ಬಿಚ್ಚಿ.

ಹಿಟ್ಟಿನ ಕೆಂಪು ಹುಳ: 3–4 ಮಿಲಿಮೀಟರ್, ಚಪ್ಪಟೆ, ಕೆಂಗಂದು, ಸೊಂಡಿಲು ಇಲ್ಲ. ಗಟ್ಟಿ ಕಾಳನ್ನು ಕೊರೆಯುವ ಶಕ್ತಿ ಇದಕ್ಕಿಲ್ಲ. ಹಿಟ್ಟು, ರವೆ, ನುಚ್ಚು, ಅವಲಕ್ಕಿ, ಬೇರೆ ಹುಳ ತಿಂದು ಉಳಿಸಿದ ಪುಡಿ ಇದರ ಊಟ. ಅಕ್ಕಿಯಲ್ಲಿ ಇದು ತುಂಬಾ ಕಂಡರೆ ನುಚ್ಚು ಜಾಸ್ತಿ ಇದೆ, ಅಥವಾ ಮೂತಿ ಹುಳ ಮೊದಲೇ ಬಂದು ಹೋಗಿದೆ ಅಂತ ತಿಳಿಯಿರಿ. ಇದರ ಮೈಯಿಂದ ಒಂದು ಘಾಟಿನ ದ್ರವ ಬರುತ್ತದೆ. ಹುಳ ಹೆಚ್ಚಾದಾಗ ಹಿಟ್ಟಿಗೆ ಗುಲಾಬಿ ಛಾಯೆ, ಕೆಟ್ಟ ವಾಸನೆ ಬರುವುದು ಅದರಿಂದಲೇ. ಅಂಥ ಹಿಟ್ಟನ್ನು ಜರಡಿ ಹಿಡಿದು ಬಳಸಬೇಡಿ.

ಕಾಳು ಕೊರೆಯುವ ಇನ್ನೊಂದು ಹುಳ ಉರುಟಾಗಿ ಕಡ್ಡಿಯ ತುಂಡಿನ ಹಾಗಿರುತ್ತದೆ, ಮೇಲಿನಿಂದ ನೋಡಿದರೆ ತಲೆಯೇ ಕಾಣುವುದಿಲ್ಲ. ಗೋಧಿ, ಜೋಳದ ಚೀಲದ ತಳದಲ್ಲಿ ರಾಶಿ ರಾಶಿ ಹಿಟ್ಟು ಬಿದ್ದಿದ್ದರೆ ಇದರದೇ ಕೆಲಸ. ತೆಳು ಪ್ಲಾಸ್ಟಿಕ್ ಕವರನ್ನೂ ಕೊರೆಯುತ್ತದೆ.

ದ್ವಿದಳ ಕಾಳಿನ ಹುಳ: ಹೆಸರುಕಾಳು, ಅಲಸಂದೆ, ಕಡಲೆ, ಹುರುಳಿ, ತೊಗರಿಯಲ್ಲಿ ದುಂಡನೆ ತೂತು ಕಂಡರೆ ಇದು. ಕುಟ್ಟೆ ಹಿಡಿದಿದೆ ಅನ್ನುತ್ತೇವಲ್ಲ, ಅದೇ. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಧೂಳಲ್ಲ, ಮೊಟ್ಟೆ. ಉಗುರಿನಿಂದ ಕೆರೆದರೂ ಸುಲಭವಾಗಿ ಬಿಡುವುದಿಲ್ಲ. ಈ ಹುಳ ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ನಿಮ್ಮ ಡಬ್ಬಿ ಎಷ್ಟೇ ಸ್ವಚ್ಛ ಇದ್ದರೂ ಕಾಳಿನ ಜೊತೆಗೇ ಮನೆಗೆ ಬರುತ್ತದೆ. ಬೆಳೆದ ಹುಳ ಏನೂ ತಿನ್ನದೆ ಒಂದೆರಡು ವಾರ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ಒಡೆದ ಬೇಳೆಗೆ ಇದರ ಕಾಟ ಕಡಿಮೆ.

ಪತಂಗ: ಸಂಜೆ ಅಡುಗೆಮನೆಯಲ್ಲಿ ಬೂದು ಬಣ್ಣದ ಸಣ್ಣ ಚಿಟ್ಟೆ ಹಾರಾಡುತ್ತಾ ಗೋಡೆಗೆ ಕೂರುತ್ತದಲ್ಲ, ಅದು ಬಟ್ಟೆ ನುಸಿ ಅಂತ ಎಷ್ಟೋ ಜನ ಬೀರು ತೆಗೆದು ನೋಡುತ್ತಾರೆ. ಬಟ್ಟೆ ತಿನ್ನುವ ಪತಂಗ ಬೆಳಕಿಗೆ ಬರುವುದಿಲ್ಲ, ಕತ್ತಲೆಗೆ ಓಡುತ್ತದೆ. ಅಡುಗೆಮನೆಯಲ್ಲಿ ಹಾರುವುದು ಅಕ್ಕಿ ಪತಂಗ. ಇದರ ಮರಿ ಬಿಳಿ ಹುಳು. ರವೆ, ಸಜ್ಜೆ ಹಿಟ್ಟು, ಶೇಂಗಾ ಬೀಜ, ನುಚ್ಚಕ್ಕಿಯನ್ನು ನೂಲಿನಿಂದ ಗಂಟು ಗಂಟಾಗಿ ಕಟ್ಟಿಕೊಂಡು ಒಳಗೆ ಕೂತು ತಿನ್ನುತ್ತದೆ. ಡಬ್ಬಿಯ ಮೂಲೆಯಲ್ಲಿ ಬಲೆ ಕಂಡರೆ ಬೇರೆ ಸಾಕ್ಷಿ ಬೇಡ. ಕೋಶ ಕಟ್ಟುವ ಹೊತ್ತಿಗೆ ಮರಿ ಆಹಾರ ಬಿಟ್ಟು ಗೋಡೆ ಹತ್ತುತ್ತದೆ. ಅದಕ್ಕೇ ಕಪಾಟಿನ ಮೇಲ್ಮೂಲೆಯನ್ನೂ ನೋಡಬೇಕು.

ಮಸಾಲೆಯ ಹುಳ: ಧನಿಯಾ, ಅರಿಶಿನದ ಕೊಂಬು, ಒಣಮೆಣಸಿನಕಾಯಿ, ಖಾರದ ಪುಡಿಯಲ್ಲಿ 2–3 ಮಿಲಿಮೀಟರಿನ ಗುಂಡು ಕಂದು ಹುಳ. ಗುಂಡುಸೂಜಿಯಷ್ಟು ತೂತು ಮಾಡುತ್ತದೆ. ತಂಬಾಕನ್ನೇ ತಿಂದು ಬದುಕುವ ಹುಳ ಇದೇ ಗುಂಪಿನದು, ಮೆಣಸಿನಕಾಯಿಯ ಖಾರಕ್ಕೆ ಹೆದರುತ್ತದಾ?

ರವೆ, ಒಣಹಣ್ಣಿನಲ್ಲಿ ಸಿಗುವ ಸಪೂರ ಚಪ್ಪಟೆ ಹುಳ ಮುಚ್ಚಳದ ಸಣ್ಣ ಸಂದಿಯಲ್ಲೂ ನುಸುಳುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಬಿಳಿ ಹುಳಗಳು ರವೆ ಮೇಲೆ ಹರಿದಾಡಿದರೆ ಆ ಜಾಗದಲ್ಲಿ ತೇವ ಇದೆ ಅಂತ ಅರ್ಥ. ತೇವ ಹೋದರೆ ಅವೂ ಹೋಗುತ್ತವೆ.

ಹಂತ 3: ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು

ಅನ್ನ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬರಬಾರದು ಕೂಡ. ನಾಲ್ಕು ಮೂತಿ ಹುಳ ಬಿದ್ದ ಅಕ್ಕಿಯನ್ನು ಕೇರಿ, ತೊಳೆದು ಉಣ್ಣಬಹುದು, ರೋಗ ಬರುವುದಿಲ್ಲ. ತೊಳೆಯುವಾಗ ತೇಲುವ ಟೊಳ್ಳು ಕಾಳನ್ನು ಚೆಲ್ಲಿ. ಆದರೆ ಬಲೆ ಕಟ್ಟಿದ ರವೆ, ವಾಸನೆ ಬಂದ ಹಿಟ್ಟು, ಅರ್ಧಕ್ಕಿಂತ ಹೆಚ್ಚು ತೂತಾದ ಕಾಳು, ಹುಳ ಹಿಡಿದ ಮಸಾಲೆ ಪುಡಿ ಬೇಡ.

ಶೇಂಗಾ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಬೂಸ್ಟು ಹಿಡಿದ, ಸುಕ್ಕುಗಟ್ಟಿದ, ಕಹಿ ಬಂದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಎಸೆಯುವುದನ್ನು ಗಟ್ಟಿ ಕವರಿನಲ್ಲಿ ಕಟ್ಟಿ ಅವತ್ತೇ ಮನೆಯಿಂದ ಹೊರಗೆ ಹಾಕಿ. ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿದರೆ ಹುಳ ರಾತ್ರಿಯೊಳಗೆ ಕಪಾಟಿಗೆ ವಾಪಸ್.

ಹಂತ 4: ಕಪಾಟಿನ ಸಂದಿ

ಕಪಾಟಿಗೆ ಹಾಸಿದ ಹಳೆಯ ಪೇಪರ್ ತೆಗೆಯಿರಿ. ಒಣ ಬ್ರಷ್‌ನಿಂದ ಮೂಲೆ, ಮೊಳೆಯ ತೂತು, ಹಲಗೆ ಸೇರುವ ಜಾಗ ಎಲ್ಲವನ್ನೂ ಕೆರೆದು ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು, ಅದರ ಚೀಲವನ್ನು ಆಮೇಲೆ ಹೊರಗೆ ಝಾಡಿಸಿ. ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸಂದಿಗಳಿಗೆ ವೈಟ್ ಸಿಮೆಂಟ್ ಅಥವಾ ಪುಟ್ಟಿ ತುಂಬಿ. ಡಬ್ಬಿಗಳ ಮುಚ್ಚಳದ ಒಳ ಮಡಿಕೆಯನ್ನು ಕಡ್ಡಿಯಿಂದ ಕೆರೆದು ನೋಡಿ. ಸ್ಟೀಲ್ ಡಬ್ಬಿಯಲ್ಲಿ ಹುಳ ಅಡಗುವುದೇ ಅಲ್ಲಿ.

ಕಪಾಟಿನ ಒಳಗೆ ಜಿರಳೆ ಸ್ಪ್ರೇ ಹೊಡೆಯಬೇಡಿ. ಅದು ಕಾಳಿನ ಒಳಗಿರುವ ಮರಿಗೆ ತಾಗುವುದೇ ಇಲ್ಲ. ನಿಮ್ಮ ಊಟಕ್ಕೆ ತಾಗುತ್ತದೆ.

ಹಂತ 5: ಕಾಣದ ಮೊಟ್ಟೆ, ಮರಿಯನ್ನು ಕೊಲ್ಲುವುದು

ವಿಷ ಇಲ್ಲದೆ ಕೊಲ್ಲಲು ಚಳಿ, ಬಿಸಿ, ಉಸಿರು ಕಟ್ಟಿಸುವುದು, ಈ ಮೂರರಲ್ಲಿ ಒಂದು ದಾರಿ ಆರಿಸಿಕೊಳ್ಳಿ.

ಚಳಿ: ರವೆ, ಮೈದಾ, ಮಸಾಲೆ, ಒಣಹಣ್ಣು, ಒಂದೆರಡು ಕೆ.ಜಿ. ಕಾಳಿಗೆ ಇದು ಅತ್ಯಂತ ಸುಲಭ. ಗಟ್ಟಿ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರ್‌ನಲ್ಲಿಡಿ. ಮೈನಸ್ 18 ಡಿಗ್ರಿ ಬರುವ ಎರಡು ಬಾಗಿಲ ಫ್ರಿಜ್‌ನಲ್ಲಿ ಒಂದು ವಾರ ಇಟ್ಟರೆ ಸಾಕು. ಒಂದೇ ಬಾಗಿಲ ಫ್ರಿಜ್‌ನ ಫ್ರೀಜರ್ ಅಷ್ಟು ತಣ್ಣಗಾಗುವುದಿಲ್ಲ, ಕರೆಂಟ್ ಬೇರೆ ಹೋಗುತ್ತದೆ, ಎರಡು ವಾರ ಬಿಡಿ. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ. ತಣ್ಣಗಿರುವಾಗ ಬಿಚ್ಚಿದರೆ ಒಳಗೆ ನೀರಿನ ಪಸೆ ಕೂರುತ್ತದೆ. ಅರ್ಧ ದಿನ ಹಾಗೇ ಇಟ್ಟು ಆಮೇಲೆ ತುಂಬಿ.

ಬಿಸಿ: ಸುಮ್ನೆ ಚಾಪೆ ಮೇಲೆ ಹರಡಿದರೆ ದೊಡ್ಡ ಹುಳ ಓಡಿಹೋಗುತ್ತದೆ, ಒಳಗಿನ ಮರಿ ಉಳಿಯುತ್ತದೆ. ಕಾಳಿನ ಒಳಗಿನ ಮರಿ ಸಾಯಬೇಕಾದರೆ ಕಾಳೇ 57 ಡಿಗ್ರಿಯಷ್ಟು ಬಿಸಿಯಾಗಿ ಒಂದು ಗಂಟೆ ಇರಬೇಕು. ಅದು ಸಾಧ್ಯ. ತಾರಸಿಯ ಮೇಲೆ ಮಡಿಸಿದ ಗೋಣಿಚೀಲ ಹಾಸಿ, ಅದರ ಮೇಲೆ ಕರಿ ಪ್ಲಾಸ್ಟಿಕ್ ಶೀಟ್ ಹಾಕಿ. ಕಾಳನ್ನು ಎರಡು ಬೆರಳಿಗಿಂತ ಎತ್ತರ ಆಗದ ಹಾಗೆ ತೆಳುವಾಗಿ ಹರಡಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ನಾಲ್ಕೂ ಅಂಚಿಗೆ ಕಲ್ಲಿಡಿ. ಮಾರ್ಚ್‌ನಿಂದ ಮೇ ವರೆಗಿನ ನಮ್ಮ ಬಿಸಿಲಿನಲ್ಲಿ, ಮೋಡ ಇಲ್ಲದ ದಿನ, ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಿಟ್ಟರೆ ಹೆಸರು, ಅಲಸಂದೆ, ಕಡಲೆ, ತೊಗರಿ ಎಲ್ಲದರ ಹುಳ ಒಳಗೇ ಸಾಯುತ್ತದೆ. ಆಮೇಲೆ ಪೂರ್ತಿ ಆರಿಸಿ, ಜರಡಿ ಹಿಡಿದು ತುಂಬಿ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಮುಚ್ಚಳದಲ್ಲಿ ಬೆವರು ಹನಿ ಕಟ್ಟಿ ಬೂಸ್ಟು ಬರುತ್ತದೆ. ಬಿತ್ತನೆಗೆ ಇಟ್ಟ ಬೀಜಕ್ಕೆ ಈ ಕೆಲಸ ಮಾಡಬೇಡಿ. ಅಕ್ಕಿಗೂ ಬೇಡ. ಬಿರುಬಿಸಿಲಿಗೆ ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ, ನುಚ್ಚಾದರೆ ಕೆಂಪು ಹುಳಕ್ಕೆ ನೀವೇ ಊಟ ಬಡಿಸಿದ ಹಾಗೆ. ಅಕ್ಕಿಯನ್ನು ನೆರಳಿನಲ್ಲಿ, ಗಾಳಿಯಲ್ಲಿ ಆರಿಸಿ.

ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ರವೆಯನ್ನು ಹುರಿದಿಡುವುದೇ ದಾರಿ. ಉಪ್ಪಿಟ್ಟಿಗೂ ರೆಡಿ ಇರುತ್ತದೆ.

ಉಸಿರು ಕಟ್ಟಿಸುವುದು: ನಮ್ಮ ಹಿರಿಯರ ಹಗೇವಿನ ಶಕ್ತಿ ಇದರಲ್ಲೇ ಇತ್ತು. ನೆಲದೊಳಗೆ ಕಾಳು ತುಂಬಿ ಬಾಯಿ ಬಿಗಿಯಾಗಿ ಮುಚ್ಚಿದರೆ, ಒಳಗಿನ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ. ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು ಅನ್ನುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಈ ಕೆಲಸಕ್ಕೆ ಒಣಗಿದ ಪೆಟ್ ಬಾಟಲಿ ಸಾಕು. ಪೂರ್ತಿ ಒಣಗಿದ ಕಾಳನ್ನು ಕುಟ್ಟಿ ಕುಟ್ಟಿ ಕುತ್ತಿಗೆವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಗಾಳಿಗೆ ಜಾಗ ಕೊಡಬೇಡಿ. ಒಂದು ತಿಂಗಳು ಮುಟ್ಟಬೇಡಿ. ದಿನಾ ತೆಗೆಯುವ ದೊಡ್ಡ ಡಬ್ಬಿಯಲ್ಲಿ ಈ ಉಪಾಯ ನಡೆಯುವುದಿಲ್ಲ, ಪ್ರತಿ ಸಲ ಹೊಸ ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ವರ್ಷದ ಕಾಳನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ ಹಂಚಿಡಿ.

ಹಂತ 6: ಹೊಸದು ಬಂದಾಗ

ಊರಿನಿಂದ ಬಂದ ಚೀಲವನ್ನು ನೇರ ಅಡುಗೆಮನೆಗೆ ತರಬೇಡಿ. ವರಾಂಡದಲ್ಲೋ ಬೇರೆ ಕೋಣೆಯಲ್ಲೋ ಇಟ್ಟು ಬಿಚ್ಚಿ ನೋಡಿ. ಕಾಳು ಕಚ್ಚಿದರೆ ಟಕ್ ಅಂತ ಒಡೆಯಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ಒಣಗಬೇಕು. ತೇವ ಶೇಕಡಾ 12ಕ್ಕಿಂತ ಕಡಿಮೆ ಇದ್ದರೆ ಕಾಳು ಚೆನ್ನಾಗಿ ತಾಳುತ್ತದೆ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹಳೆಯ ಗೋಣಿಚೀಲವನ್ನು ಮತ್ತೆ ಬಳಸುವುದಾದರೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಅದರ ಹೊಲಿಗೆಯಲ್ಲಿ ಹೋದ ವರ್ಷದ ಹುಳ ಇರುತ್ತದೆ.

ರಾಗಿ ಕಾಳು ಒಣಗಿದ್ದರೆ ವರ್ಷಗಟ್ಟಲೆ ತಾಳುತ್ತದೆ. ರಾಗಿ ಹಿಟ್ಟು ತಾಳುವುದಿಲ್ಲ. ಹಾಗಾಗಿ ಕಾಳು ಜಾಸ್ತಿ ಇಡಿ, ಹಿಟ್ಟನ್ನು ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ಬೀಸಿಸಿ. ಜೋಳ, ಸಜ್ಜೆಗೂ ಇದೇ ಲೆಕ್ಕ. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆ ಚೀಲದಲ್ಲಿ, ಹಲ್ಲಿನ ಸಂದಿಯಲ್ಲಿ ಬೇರೆಯವರ ಹಿಟ್ಟು ಉಳಿದಿರುತ್ತದೆ. ಮೊದಲು ಬರುವ ಒಂದು ಬೊಗಸೆ ಹಿಟ್ಟನ್ನು ಬೇರೆ ತೆಗೆದಿಡಿ. ಬಿಸಿ ಹಿಟ್ಟನ್ನು ಆರಿಸದೆ ಮುಚ್ಚಬೇಡಿ.

ಶೇಂಗಾವನ್ನು ಕಾಯಿಯಲ್ಲೇ ಇಟ್ಟರೆ ಸಿಪ್ಪೆ ಒಂದು ರಕ್ಷಣೆ. ಬೇಕಾದಷ್ಟನ್ನೇ ಸುಲಿದುಕೊಳ್ಳಿ. ಹುಣಸೆಹಣ್ಣಿನ ಬೀಜ ತೆಗೆದು, ಒಣಗಿಸಿ, ಉಪ್ಪು ಹಾಕಿ ಭರಣಿಗೆ ಒತ್ತಿ.

ಬೇಳೆಗೆ ಹರಳೆಣ್ಣೆ ಸವರುವುದು ಒಳ್ಳೆಯ ಪದ್ಧತಿ. ಒಂದು ಕೆ.ಜಿ.ಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಸಾಕು. ಅಂಗೈಗೆ ಹಚ್ಚಿಕೊಂಡು ಚೆನ್ನಾಗಿ ತಿಕ್ಕಿ. ಎಣ್ಣೆಯ ಪೊರೆ ಮೊಟ್ಟೆಯ ಉಸಿರು ಕಟ್ಟುತ್ತದೆ. ಆದರೆ ಈಗಾಗಲೇ ಒಳಗೆ ಸೇರಿದ ಮರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಹುಳ ಇಲ್ಲದ ಬೇಳೆಗೇ ಸವರಬೇಕು. ಅಡುಗೆಗೆ ಮೊದಲು ಬಿಸಿನೀರಿನಲ್ಲಿ ತೊಳೆಯಿರಿ.

ಬೇವಿನೆಲೆ, ಲವಂಗ, ಒಣಮೆಣಸಿನಕಾಯಿ ಹಾಕುವವರು ಹಾಕಿ. ಹೊಸ ಹುಳ ಬರುವುದನ್ನು ಅದು ಸ್ವಲ್ಪ ತಡೆಯಬಹುದು. ಕಾಳಿನೊಳಗಿರುವ ಮರಿಯನ್ನು ಕೊಲ್ಲುವುದಿಲ್ಲ. ಬೇವಿನೆಲೆ ಗರಿಗರಿ ಒಣಗಿರಬೇಕು, ಹಸಿ ಎಲೆ ಹಾಕಿದರೆ ತೇವ ನೀವೇ ತಂದ ಹಾಗೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ರೂಢಿ ಇದ್ದರೆ ಇವತ್ತೇ ಬಿಡಿ, ಅದು ತಿನ್ನುವ ಪದಾರ್ಥಕ್ಕೆ ಸೇರಿಸುವಂಥದ್ದಲ್ಲ.

ಕೊನೆಯದಾಗಿ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ತಳದಲ್ಲಿ ಉಳಿದ ಒಂದು ಹಿಡಿಯೇ ಮುಂದಿನ ಸಂಸಾರಕ್ಕೆ ಮೂಲ. ಡಬ್ಬಿ ಖಾಲಿ ಮಾಡಿ, ತೊಳೆದು, ಒಣಗಿಸಿ, ತುಂಬಿ.

ಗುಳಿಗೆ ಬೇಡ, ದಯವಿಟ್ಟು ಬೇಡ

ಇದನ್ನು ಎರಡು ಸಲ ಓದಿ. ಗೋದಾಮಿನಲ್ಲಿ ಮೆಕ್ಕೆಜೋಳ, ಭತ್ತಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಪರಿಚಯದವರು "ಒಂದು ಚೀಲಕ್ಕೆ ಒಂದು ಹಾಕಿ, ಏನೂ ಆಗಲ್ಲ" ಅಂತ ಕೊಡುವುದುಂಟು. ಅದು ಗಾಳಿಯ ತೇವಕ್ಕೆ ಸೇರಿ ಫಾಸ್ಫೀನ್ ಅನಿಲ ಬಿಡುತ್ತದೆ. ಈ ಅನಿಲ ಗೋಣಿಚೀಲದಲ್ಲಿ ನಿಲ್ಲುವುದಿಲ್ಲ. ಬಾಗಿಲ ಸಂದಿಯಲ್ಲಿ ಪಕ್ಕದ ಕೋಣೆಗೆ ಹೋಗುತ್ತದೆ. ಮಲಗಿದ ಮಕ್ಕಳ ಪ್ರಾಣ ತೆಗೆಯುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರಬಹುದು, ಆದರೆ ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಭಾರತದಲ್ಲಿ ಇದರ ಬಳಕೆಗೆ ನಿರ್ಬಂಧ ಇದೆ, ಮನೆಬಳಕೆಗೆ ಅಲ್ಲವೇ ಅಲ್ಲ.

ಯಾರಾದರೂ ಈಗಾಗಲೇ ಇಟ್ಟಿದ್ದರೆ ಚೀಲ ಎಳೆದಾಡಬೇಡಿ. ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಬರುವ ದಾರಿಯ ಬಾಗಿಲು ತೆರೆದಿಡಿ. ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ 108ಕ್ಕೆ ಫೋನ್ ಮಾಡಿ, ಯಾವ ಗುಳಿಗೆ ಅಂತ ಡಾಕ್ಟರಿಗೆ ಹೇಳಿ.

ಹಂತ 7: ಬಟ್ಟೆಯನ್ನು ತಿಂದವರು ಯಾರು?

ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆಯ ಕರಿ ಕಂಬಳಿ. ನಮ್ಮ ಸೀಮೆಯ ಹೆಮ್ಮೆಯ ಈ ಎರಡೂ ನುಸಿಗೆ ಮೃಷ್ಟಾನ್ನ. ಉಣ್ಣೆ, ರೇಷ್ಮೆ ಪ್ರಾಣಿಯಿಂದ ಬಂದ ಪ್ರೋಟೀನ್ ನೂಲು. ಬಟ್ಟೆ ಪತಂಗದ ಮರಿ, ಕಂಬಳಿ ತಿನ್ನುವ ರೋಮದ ಹುಳ ಇದನ್ನೇ ತಿಂದು ಬದುಕುತ್ತವೆ. ಶುದ್ಧ ಹತ್ತಿ, ಪಾಲಿಯೆಸ್ಟರ್ ಅವಕ್ಕೆ ಬೇಡ, ಬೆವರೋ ಎಣ್ಣೆಯೋ ಊಟದ ಕಲೆಯೋ ಇದ್ದರೆ ಮಾತ್ರ ಅಲ್ಲಿ ಕಚ್ಚುತ್ತವೆ.

ಪತಂಗದ ಗುರುತು: ತೆಳುವಾದ ಬಿಳಿ ಬಲೆ, ಅಂಕುಡೊಂಕು ತೂತು, ಬಟ್ಟೆಯದೇ ಬಣ್ಣದ ಸಣ್ಣ ಹಿಕ್ಕೆ. ದೊಡ್ಡ ಪತಂಗ ಹೊಂಬಣ್ಣದ್ದು, ಬೀರು ತೆರೆದ ಕೂಡಲೇ ಮಡಿಕೆಯೊಳಗೆ ಓಡುತ್ತದೆ.

ರೋಮದ ಹುಳ: ಬಲೆ ಇರುವುದಿಲ್ಲ. ಕಂದು ಕೂದಲಿನ ಮರಿ ಕಳಚಿ ಬಿಟ್ಟ ಪೊರೆ ಸಿಗುತ್ತದೆ. ದೊಡ್ಡದಾದ ಮೇಲೆ ಹೂವಿನ ಪರಾಗ ತಿನ್ನುವ ಸಣ್ಣ ದುಂಡು ಹುಳ, ಕಿಟಕಿ ಗಾಜಿನ ಹತ್ತಿರ ಕಾಣುತ್ತದೆ. ಇದರ ಹುಟ್ಟಿದ ಜಾಗ ಎಷ್ಟೋ ಸಲ ಬೀರುವಿನಲ್ಲಿ ಇರುವುದೇ ಇಲ್ಲ. ಕಿಟಕಿ ಮೇಲಿನ ಪಾರಿವಾಳದ ಗೂಡು, ಅಟ್ಟದಲ್ಲಿ ಸತ್ತ ಇಲಿ, ಮಂಚದ ಕೆಳಗೆ ಸೇರಿದ ಕೂದಲ ಉಂಡೆ, ಅಲ್ಲಿ ಹುಡುಕಿ.

ಗೋಡೆ ಮೇಲೆ ಸೌತೆಬೀಜದಂಥ ಬೂದು ಚೀಲ ಎಳೆದುಕೊಂಡು ಹೋಗುವ ಹುಳ ಎಲ್ಲರೂ ನೋಡಿದ್ದೀರಿ. ಅದರ ಒಳಗೂ ಪತಂಗದ ಮರಿಯೇ ಇರುವುದು. ಜೇಡರ ಬಲೆ, ಉದುರಿದ ಕೂದಲು, ಉಣ್ಣೆ ಅದರ ಊಟ. ವಾರಕ್ಕೊಮ್ಮೆ ಬಲೆ ಹೊಡೆದರೆ ತಾನೇ ಕಡಿಮೆಯಾಗುತ್ತದೆ.

ಸಿಲ್ವರ್‌ಫಿಶ್: ಬೆಳ್ಳಿ ಬಣ್ಣ, ಹಿಂದೆ ಮೂರು ಬಾಲ, ದೀಪ ಹಾಕಿದರೆ ಸರಕ್ಕನೆ ಓಟ. ಇದಕ್ಕೆ ಪಿಷ್ಟ ಬೇಕು. ಗಂಜಿ ಹಾಕಿದ ಹತ್ತಿ ಸೀರೆ, ಬೀರುವಿಗೆ ಹಾಸಿದ ಪೇಪರ್, ಮದುವೆ ಕಾರ್ಡು, ಪುಸ್ತಕದ ಅಂಟು ಇದರ ಪಾಲು. ತೇವದ ಗೋಡೆಗೆ ತಾಗಿದ ಬೀರು ಇದರ ಮನೆ.

ಎಲ್ಲ ತೂತಿಗೂ ಹುಳವನ್ನೇ ದೂರಬೇಡಿ. ಟೀ ಶರ್ಟಿನ ಹೊಟ್ಟೆಯ ಹತ್ತಿರ ಸಣ್ಣ ತೂತು ಬೀಳುವುದು ಸಾಮಾನ್ಯವಾಗಿ ಪ್ಯಾಂಟಿನ ಗುಂಡಿ, ಕಟ್ಟೆಯ ಅಂಚು ಉಜ್ಜಿ. ರೇಷ್ಮೆ ಸೀರೆ ಮಡಿಕೆಯ ಗೆರೆಯಲ್ಲೇ ಸೀಳಿದ್ದರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟದ್ದೇ ಕಾರಣ.

ಹಂತ 8: ಕಂಬಳಿ, ಸೀರೆ ಕಾಪಾಡುವುದು

ಕಂಬಳಿಯನ್ನು ಚಳಿ ಮುಗಿದ ಮೇಲೆ ಹಾಗೇ ಮಡಿಸಿ ಟ್ರಂಕಿಗೆ ಹಾಕಬೇಡಿ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಗಟ್ಟಿ ಬ್ರಷ್‌ನಿಂದ ಎರಡೂ ಕಡೆ ತಿಕ್ಕಿ. ಮೊಟ್ಟೆ, ಮರಿ ಉದುರುತ್ತವೆ. ಅಂಚು, ಗಂಟುಗಳನ್ನು ಜಾಸ್ತಿ ನೋಡಿ. ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುವುದರಿಂದ ಸಿಲ್ವರ್‌ಫಿಶ್ ಕೂಡ ಬರಬಹುದು. ದೇವರ ಗದ್ದುಗೆಗೆಂದು ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಕಂಬಳಿ ಇದ್ದರೆ ಅದಕ್ಕೇ ಅಪಾಯ ಹೆಚ್ಚು. ಮುಟ್ಟದೆ ಬಿಟ್ಟ, ಕತ್ತಲೆಯ ಜಾಗವೇ ನುಸಿಗೆ ಇಷ್ಟ. ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ.

ಈಗಾಗಲೇ ನುಸಿ ಹಿಡಿದಿದ್ದರೆ ಕರಿ ಕಂಬಳಿಯನ್ನು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಹಾಕಿ, ಬೇಸಿಗೆಯ ಮಧ್ಯಾಹ್ನ ತಾರಸಿಯಲ್ಲಿ ಪಾರದರ್ಶಕ ಶೀಟಿನ ಕೆಳಗೆ ಇಡಿ. ಮಧ್ಯೆ ಒಮ್ಮೆ ತಿರುವಿ ಹಾಕಿ. ಸ್ವೆಟರ್, ಶಾಲು, ಮಫ್ಲರ್ ಸಣ್ಣವಾದ್ದರಿಂದ ಕವರಿನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು.

ರೇಷ್ಮೆಗೆ ಬಿಸಿಲು ಬೇಡವೇ ಬೇಡ, ಬಣ್ಣ ಹೋಗುತ್ತದೆ. ಮದುವೆಗೆ ಉಟ್ಟ ಸೀರೆಯನ್ನು ಅದೇ ರಾತ್ರಿ ಬೀರುವಿಗೆ ಸೇರಿಸಬೇಡಿ. ನೆರಳಿನಲ್ಲಿ ಗಾಳಿಗೆ ಹರವಿ ಬೆವರು ಆರಲಿ. ಊಟದ ಕಲೆ, ತುಪ್ಪದ ಹನಿ ಇದ್ದರೆ ಡ್ರೈ ಕ್ಲೀನ್ ಮಾಡಿಸಿ. ಗಂಜಿ ಇಲ್ಲದ ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ತೆಗೆಯಿರಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಮಡಿಕೆ ಬದಲಿಸುವ ದಿನವೇ ನುಸಿ ಹುಡುಕುವ ದಿನ ಆಗಲಿ. ಹತ್ತಿ ಸೀರೆಗಳನ್ನು ತುಂಬಾ ದಿನ ಇಡುವುದಾದರೆ ಗಂಜಿ ತೊಳೆದು ಇಡಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ನುಸಿ ಗುಳಿಗೆ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಮಕ್ಕಳಿರುವ ಮನೆಗೆ ಬೇಡ. ನ್ಯಾಫ್ತಲೀನ್ ಆವಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿದರೆ ಮಾತ್ರ ಹುಳ ಸಾಯುತ್ತದೆ. ದಿನಾ ತೆರೆಯುವ ಬೀರುವಿನಲ್ಲಿ ಹುಳಕ್ಕಿಂತ ಹೆಚ್ಚು ನಾವೇ ಉಸಿರಾಡುತ್ತೇವೆ. ಹುಟ್ಟಿನಿಂದ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಗುವಿಗೆ ಇದರಿಂದ ರಕ್ತದ ಕೆಂಪು ಕಣ ಒಡೆದು ಜೀವಕ್ಕೇ ಅಪಾಯ ಆಗಬಹುದು. ಕೂಸಿನ ಬಟ್ಟೆ, ಹೊದಿಕೆಯ ಹತ್ತಿರ ಎಂದೂ ಇಡಬೇಡಿ. ಇಡಲೇಬೇಕಾದರೆ ಟ್ರಂಕಿನಲ್ಲಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ, ಸೀರೆಗೆ ತಾಗದ ಹಾಗೆ ಇಡಿ. ಜೊತೆಗೆ ಕರ್ಪೂರ ಹಾಕಬೇಡಿ. ಎರಡೂ ಸೇರಿದರೆ ನಮ್ಮ ಬೇಸಿಗೆಯ ಶಾಖಕ್ಕೇ ಕರಗಿ ನೀರಾಗಿ ಕಲೆ ಮಾಡುತ್ತವೆ. ಬಜೆ, ಲಾವಂಚ, ಒಣ ಬೇವಿನೆಲೆ ಇಡಬಹುದು, ಆದರೆ ಅದನ್ನೇ ನಂಬಿ ಆರು ತಿಂಗಳು ಬೀರು ತೆರೆಯದೆ ಬಿಡಬೇಡಿ.

ಹಂತ 9: ಮತ್ತೆ ಬಂತಾ ಅಂತ ನೋಡುವುದು

ಸ್ವಚ್ಛ ಮಾಡಿದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಕಪಾಟಿನ ಪ್ರತಿ ಮೂಲೆಗೆ ಒಂದು ತುಂಡು ಬಿಳಿ ಕಾಗದ ಇಡಿ. ನಾಲ್ಕರಿಂದ ಆರು ವಾರ, ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಪುಡಿ ಬಿದ್ದಿದ್ದರೆ ಯಾವ ಮೂಲೆಯ ಕಾಗದದ ಮೇಲೆ ಬಿದ್ದಿದೆ ಅನ್ನುವುದೇ ಸುಳಿವು, ಅದರ ಹತ್ತಿರದ ಡಬ್ಬಿ, ಸಂದಿಯಿಂದ ಮತ್ತೆ ಶುರು ಮಾಡಿ. ಬೀರುವಿನಲ್ಲಿ ಹಳೆಯ ಉಣ್ಣೆಯ ತುಂಡೊಂದನ್ನು ತಳದ ಮೂಲೆಗೆ ಇಟ್ಟು ತಿಂಗಳಿಗೊಮ್ಮೆ ನೋಡಿದರೆ ನುಸಿ ಬಂದದ್ದು ಸೀರೆಗೆ ತಾಗುವ ಮೊದಲೇ ತಿಳಿಯುತ್ತದೆ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದಾದರೆ ಲೈಸೆನ್ಸ್ ಇದೆಯಾ, ಯಾವ ಔಷಧಿ, ಎಷ್ಟು ಹೊತ್ತು ಒಳಗೆ ಬರಬಾರದು ಅಂತ ಕೇಳಿ ಬರೆಸಿಕೊಳ್ಳಿ. ಆಹಾರ, ಪಾತ್ರೆ ಎಲ್ಲ ಹೊರಗೆ ಇಟ್ಟ ಮೇಲೆಯೇ ಕೆಲಸ ಶುರುವಾಗಲಿ.

ಹುಳ ಯಾವುದೆಂದು ಗೊತ್ತಾಗದಿದ್ದರೆ ನಾಲ್ಕೈದನ್ನು ಸಣ್ಣ ಗಾಜಿನ ಬಾಟಲಿಯಲ್ಲಿ, ಅದು ತಿನ್ನುತ್ತಿದ್ದ ಕಾಳಿನ ಸಮೇತ ಹಾಕಿಕೊಳ್ಳಿ. ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿತ್ರದುರ್ಗ ಜಿಲ್ಲೆಯವರು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕಾಳು ಎಲ್ಲಿಂದ ಬಂತು, ಎಷ್ಟು ದಿನದಿಂದ ಇದೆ, ಯಾವ ಪಾತ್ರೆಯಲ್ಲಿತ್ತು ಅನ್ನುವುದನ್ನೂ ಒಂದು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿಕೊಂಡು ಹೋಗಿ.